ಅಮೆಜಾನಿನಲ್ಲಿ ಆನೆ

ಗೊರಿಲ್ಲಾ ವೇಷದ ಬೆನ್ನಿನ ಜಿಪ್ಪು ಬೆಳಿಗ್ಗೆ ಹಾಕುವಾಗಲೇ ಕಚ್ಚಿಕೊಂಡಿತ್ತು. ರಂಗನಾಯಕ ಹೇಳಿದ. ಓನರ್ ಸೋಮಶೇಖರ್ ಕೇಳಿಸಿಯೂ ಕೇಳಿಸದವರ ಹಾಗೆ ಟಿಕೆಟ್ ಕೌಂಟರಿನ ಕಡೆ ನಡೆದರು. "ಸಂಜೆ ಬಿಚ್ಚೋವಾಗ ನೋಡನ ಬುಡ್ಲಾ, ಈಗ ಸ್ಕೂಲ್ ಬಸ್ಸು ಬತ್ತಾವೆ" ಅಂದದ್ದು ಬೆನ್ನು ತಿರುಗಿಸಿಕೊಂಡೇ. ಹೀಗಾಗಿ ಮೂವತ್ತೆಂಟು ವರ್ಷದ ಗಂಡಸು, ಎರಡು ಮಕ್ಕಳ ತಂದೆ ರಂಗನಾಯಕ, ಒಂಬತ್ತೂವರೆಯಿಂದ ಫೋಮು ತುಂಬಿದ ಎದೆ, ಫೋಮು ತುಂಬಿದ ಹೊಟ್ಟೆ, ಗೇಣುದ್ದದ ಕಪ್ಪು ಕೂದಲಿನ ಒಳಗೆ ಬೆವರುತ್ತ ಕೂತಿದ್ದ. ಒಂಬತ್ತು ದಿನದಿಂದ ಇದೇ ಕೆಲಸ. ಜನ ಬಂದಾಗ ಥರ್ಮಾಕೋಲ್ ಬಂಡೆಯ ಹಿಂದಿನಿಂದ ಎದ್ದು ಎದೆ ಬಡಿದುಕೊಳ್ಳುವುದು. ಹೆಂಗಸರು ಮೊದಲು ಕಿರುಚುತ್ತಾರೆ, ಆಮೇಲೆ ನಗುತ್ತ ಸೆಲ್ಫಿ ಕೇಳುತ್ತಾರೆ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಸ್ವಲ್ಪ ಹೋದರೆ ಮನೆಗಳೇ ಏಳದ ಒಂದು ಖಾಲಿ ಲೇಔಟು. ಅಲ್ಲಿ ತಗಡಿನ ಗೋಡೆ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ, ಬಾಗಿಲಿಗೆ 'ಅಮೆಜಾನ್ ಮಹಾಕಾಡು' ಎಂಬ ಬೋರ್ಡು ಹಾಕಿದ್ದರು. ಒಳಗೆ ಬಳಸಿಕೊಂಡು ಹೋಗುವ ಕತ್ತಲೆ ದಾರಿ, ಪ್ಲಾಸ್ಟಿಕ್ಕಿನ ಬಳ್ಳಿ, ಪಂಪು ಹಾಕಿ ಹರಿಸುವ ಹೊಳೆ. ಸೋಮಶೇಖರ್ ಚಾಮರಾಜನಗರದ ಅರಿಶಿನ ವ್ಯಾಪಾರದ ಮನೆಯವರು. ಅರಿಶಿನದ ಧೂಳಿಗೆ ಸೀನು ಬರುತ್ತದೆಂದು ಅಪ್ಪನ ವ್ಯಾಪಾರ ಬಿಟ್ಟು ಈ ಕಾಡನ್ನು ಯಾರಿಂದಲೋ ಇಡಿಯಾಗಿ ಕೊಂಡಿದ್ದರು. ಕಾಡು ಅಂದಮೇಲೆ ಎಲ್ಲವೂ ಇರಬೇಕು ಅನ್ನುವುದು ಅವರ ವಾದ. ಅದಕ್ಕೇ ಅವರ ಅಮೆಜಾನಿನಲ್ಲಿ ಸಿಂಹವಿತ್ತು, ಜಿರಾಫೆಯಿತ್ತು, ನಟ್ಟನಡುವೆ ಕಿವಿ ಬೀಸುವ ಫೈಬರ್ ಆನೆ, ಅದರ ಪಕ್ಕದಲ್ಲಿ ಸೊಂಡಿಲು ಎತ್ತಿ ಇಳಿಸುವ ಮರಿ ಇತ್ತು. ಒಂಟೆಯನ್ನು ಮಾತ್ರ ಜಾಗ ಸಾಲದೆ ಹೊರಗೆ ಐಸ್‌ಕ್ರೀಮ್ ಗಾಡಿಯ ಪಕ್ಕ ನಿಲ್ಲಿಸಿದ್ದರು.

ಹನ್ನೊಂದರ ಸುಮಾರಿಗೆ ತೆರಕಣಾಂಬಿ ಕಡೆಯ ಒಂದು ಶಾಲೆಯ ಏಳನೇ ತರಗತಿ ಬಂತು. ಮೂವತ್ತಾರು ಮಕ್ಕಳು, ಜತೆಗೆ ಸಮಾಜ ವಿಜ್ಞಾನದ ನಯನಾ ಮಿಸ್. ಮಿಸ್ಸಿನ ದನಿ ಸಣ್ಣದು, ಆದರೆ ತಪ್ಪು ಕಣ್ಣಿಗೆ ಬಿದ್ದರೆ ಸುಮ್ಮನಿರುವವರಲ್ಲ. ಒಳಗೆ ಕಾಲಿಟ್ಟ ಐದೇ ನಿಮಿಷಕ್ಕೆ ಶುರು ಮಾಡಿದರು.

"ಮಕ್ಕಳೇ, ಇಲ್ಲಿ ಕೇಳಿ. ಅಮೆಜಾನ್ ಇರೋದು ದಕ್ಷಿಣ ಅಮೆರಿಕದಲ್ಲಿ. ಅಲ್ಲಿ ಸಿಂಹ ಇಲ್ಲ, ಜಿರಾಫೆ ಇಲ್ಲ. ಅವು ಆಫ್ರಿಕಾದವು. ನೋಟ್ಸಲ್ಲಿ ಬರ್ಕೊಂಡಿದ್ರೆ ಹೊಡೆದು ಹಾಕಿ."

ಗೊರಿಲ್ಲಾ ಎದ್ದು ಎದೆ ಬಡಿದುಕೊಂಡಿತು. ಮಕ್ಕಳು ಹೋ ಎಂದು ಕಿರುಚಿದರು.

"ಇದೂ ಅಲ್ಲಿಲ್ಲ," ಅಂದರು ಮಿಸ್.

ರಂಗನಾಯಕನಿಗೆ ಪಿಚ್ಚೆನಿಸಿತು. ಇಷ್ಟು ಬೆವರು ಸುರಿಸಿದ್ದು ಇಲ್ಲದ ಪ್ರಾಣಿಗಾಗಿಯೇ ಎಂದು ಬಂಡೆಯ ಮೇಲೆ ಕೂತ.

"ಆನೆ, ಮಿಸ್?" ಮೇಘನಾ ಎಂಬ ಎರಡು ಜಡೆಯ ಹುಡುಗಿ ಕೇಳಿದಳು.

"ಆನೇನೂ ಇಲ್ಲ. ಅಷ್ಟು ದೊಡ್ಡ ಕಾಡಲ್ಲಿ ಒಂದೇ ಒಂದು ಆನೆ ಇಲ್ಲ ಕಣೇ. ಆನೆ ಇರೋದು ನಮ್ಮಲ್ಲಿ."

ಅಷ್ಟರಲ್ಲಿ ಫೈಬರ್ ಆನೆಯ ಕಾಲ ಬುಡದ ಸ್ಪೀಕರಿನಿಂದ ಮರಿಯಾನೆಯ ಕೂಗು ಬಂತು. ಮದುವೆ ಮನೆಗಳಲ್ಲಿ ಅಲ್ಲಿಂದಿಲ್ಲಿಗೆ ಎಳೆದಾಡುತ್ತಾರಲ್ಲ, ಹಿಡಿಕೆ, ಚಕ್ರ, ಒಳಗೇ ಬ್ಯಾಟರಿ ಇರುವ ಪೆಟ್ಟಿಗೆ, ಅದು. ಅದಕ್ಕೆ ಸಿಕ್ಕಿಸಿದ್ದ ಪೆನ್‌ಡ್ರೈವಿನಲ್ಲಿ ನಾಲ್ಕು ಸದ್ದು ಒಂದಾದ ಮೇಲೊಂದು ಬರುತ್ತಿದ್ದವು: ಹಕ್ಕಿ, ಮಳೆ, ಸಿಂಹ, ಮರಿಯಾನೆ. ರಸ್ತೆಯಲ್ಲಿ ಹೋಗುವವರಿಗೂ ಕೇಳಲೆಂದು ಓನರ್ ಸದ್ದಿನ ತಿರುಪನ್ನು ಪೂರ್ತಿ ತಿರುಗಿಸಿಟ್ಟಿದ್ದರು. ಉಳಿದ ಮೂರಕ್ಕೂ ನಗುತ್ತಿದ್ದ ಮಕ್ಕಳು ಇದು ಬಂದಾಗ ಗಪ್‌ಚುಪ್ಪಾದರು.

"ಇದು ನಿಜವಾಗ್ಲೂ ಅಳ್ತಾ ಐತೆ ಮಿಸ್," ಅಂದಳು ಮೇಘನಾ.

ಗೊರಿಲ್ಲಾ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿತು. ಅದೂ ಆಟದ ಭಾಗವೆಂದು ಮಕ್ಕಳು ಚಪ್ಪಾಳೆ ತಟ್ಟಿದರು.

ಆ ಕೂಗು ನಿಜವಾದದ್ದೇ. ಕಳೆದ ಕಾರ್ತಿಕದಲ್ಲಿ, ಕಾಡಂಚಿನ ಬೂದಿಕಟ್ಟೆಹುಂಡಿಯಲ್ಲಿ, ರಂಗನಾಯಕನ ದೊಡ್ಡಪ್ಪ ಚಿಕ್ಕಮಾದಯ್ಯನ ಕೃಷಿ ಹೊಂಡಕ್ಕೆ ಆನೆಮರಿ ಬಿದ್ದಿತ್ತು. ಹೊಂಡದ ಮೈಗೆಲ್ಲ ಪ್ಲಾಸ್ಟಿಕ್ ಹಾಳೆ. ಇಳಿದದ್ದು ಹತ್ತಲಾರದು. ಸುತ್ತ ಬೇಲಿ ಹಾಕಿಸಬೇಕಿತ್ತು, ಹಾಕಿಸಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಎಲ್ಲರಿಗಿಂತ ಮೊದಲು ನೋಡಿದವನು ರಂಗನಾಯಕ. ಅರಣ್ಯದವರಿಗೆ ತಿಳಿಸೋಣವೆಂದು ಫೋನು ತೆಗೆದ. "ಮಾಡ್ಬೇಡ ಕಣ್ಲಾ," ಅಂದ ದೊಡ್ಡಪ್ಪ. "ಬೇಲಿ ಎಲ್ಲಿ ಅಂತ ಕೇಳ್ತಾರೆ, ಕೇಸ್ ಜಡೀತಾರೆ. ತಾಯಿ ಐತಲ್ಲ, ಅದೇ ಎತ್ಕೊಂಡು ಓಯ್ತದೆ ಬುಡು." ತಾಯಿ ದಡದಲ್ಲಿ ಮಂಡಿಯೂರಿ ಸೊಂಡಿಲು ಚಾಚುತ್ತಿತ್ತು, ಎದ್ದು ಸುತ್ತುತ್ತಿತ್ತು, ಸುತ್ತುವಾಗ ಪಕ್ಕದವರ ಜೋಳ ನೆಲಕಚ್ಚುತ್ತಿತ್ತು. ಜೋಳದವರು ಪಟಾಕಿ ಹಚ್ಚಿ ಅದನ್ನು ಓಡಿಸಿದರು. ಹೊಂಡದಲ್ಲಿ ಮರಿ ಒಂದೇ ಉಳಿಯಿತು. ಪಂಪ್‌ಮನೆಯ ತಾರಸಿ ಮೇಲೆ ಕಾವಲಿಗೆ ನಿಲ್ಲಿಸಿದ್ದ ರಂಗನಾಯಕನಿಗೆ ಫೋನ್ ಮಾಡುವಂತಿಲ್ಲ, ಸುಮ್ಮನೆ ನೋಡಲೂ ಆಗದು. ಕೈಯಲ್ಲಿದ್ದ ಫೋನಿನ ರೆಕಾರ್ಡ್ ಗುಂಡಿ ಒತ್ತಿ ಕೂಗನ್ನು ಹಿಡಿದುಕೊಂಡ. ಯಾಕೆ ಹಿಡಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಹನ್ನೊಂದರ ಹೊತ್ತಿಗೆ ತಡೆಯಲಾರದೆ ಕರೆ ಮಾಡಿದ. ಜೆಸಿಬಿ ಬರುವಷ್ಟರಲ್ಲಿ ಕೂಗು ನಿಂತಿತ್ತು.

ಅವತ್ತು ಸಂಜೆ ಊರವರು ಮಾದಪ್ಪನ ಗುಡಿ ಮುಂದೆ ಸೇರಿ ಒಬ್ಬೊಬ್ಬರೇ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡಿದರು: ಹನ್ನೊಂದಕ್ಕೆ ಮುಂಚೆ ಯಾರೂ ಹೊಂಡದ ಹತ್ತಿರ ಹೋಗಿಲ್ಲ, ನೋಡಿದಾಗಲೇ ಮರಿ ಸತ್ತಿತ್ತು. ರಂಗನಾಯಕನೂ ಆರಿಸಿದ. ಆಣೆ ಮುರಿದವನ ಮನೆ ಉಳಿಯದು ಎಂಬುದು ಊರಿನ ನಂಬಿಕೆ. ಮುರಿದವನನ್ನು ಊರೂ ಉಳಿಸದು, ಅದು ನಂಬಿಕೆಯಲ್ಲ, ಅವನು ಕಣ್ಣಾರೆ ಕಂಡದ್ದು.

ಆಮೇಲೆ ಅವನಿಗೆ ಊರಿನಲ್ಲಿ ಇರಲಾಗಲಿಲ್ಲ. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ. ಬಂದ ದಿನವೇ ಒಬ್ಬನೇ ಕೂತು ಫೋನಿನಲ್ಲಿ ಆ ಕೂಗು ಕೇಳುತ್ತಿದ್ದಾಗ ಓನರ್ ಹಿಂದೆ ಬಂದು ನಿಂತರು. ಹಿಗ್ಗಿಹೋದರು. "ಒರಿಜಿನಲ್ ಐತಲ್ಲಾ! ಕಳ್ಸು ನಂಗೆ," ಅಂದರು. ಬೇಡ ಅನ್ನಬಹುದಿತ್ತು. ಬೇಡ ಅಂದರೆ ಯಾಕೆಂದು ಹೇಳಬೇಕಿತ್ತು. ಕಳಿಸಿಬಿಟ್ಟ. ಅಂದಿನಿಂದ ದಿನವೆಲ್ಲ, ಐದೈದು ನಿಮಿಷಕ್ಕೊಮ್ಮೆ, ಆ ಮರಿ ಅವನ ಕಿವಿಯ ಹತ್ತಿರವೇ ಹೊಂಡಕ್ಕೆ ಬೀಳುತ್ತಿತ್ತು.

ಕೂಗು ಮುಗಿದು ಹಕ್ಕಿಯ ಸದ್ದು ಶುರುವಾದಾಗ ಹೊರಗೆ ಏನೋ ಗದ್ದಲವಾಯಿತು. ಜನ ಓಡುವ ಸದ್ದು, ಬೈಕುಗಳು ಬೀಳುವ ಸದ್ದು. ಮೈಕಿನಲ್ಲಿ ಸೋಮಶೇಖರ್ ಅರಚಿದರು: "ಒಳಗಿರೋರು ಯಾರೂ ಈಚೆಗೆ ಬರ್ಬೇಡಿ! ಆನೆ! ಆನೆ ಬಂದೈತೆ!" ಮೈಕು ಕೆಳಗೆ ಬಿದ್ದು ಕುಯ್ ಎಂದಿತು. ಜನರೇಟರ್ ನಿಂತಿತು. ಸಿಂಹ ಬಾಯಿ ತೆರೆದಂತೆಯೇ ನಿಂತಿತು, ಹೊಳೆ ಬತ್ತಿತು, ಅಮೆಜಾನ್ ಪೂರ್ತಿ ಕತ್ತಲಾಯಿತು. ಒಳಹೋಗುವ ಬಾಗಿಲು, ಹೊರಬರುವ ಬಾಗಿಲು ಎರಡೂ ಮುಂಭಾಗಕ್ಕೇ ತೆರೆಯುತ್ತಿದ್ದವು. ತಗಡಿನ ಸಂದಿಯಿಂದ ರಂಗನಾಯಕ ನೋಡಿದ. ಬಾಗಿಲಿಂದ ಹತ್ತು ಮಾರು ದೂರದಲ್ಲಿ, ಐಸ್‌ಕ್ರೀಮ್ ಗಾಡಿಯನ್ನು ಮಗುಚಿ ಹಾಕಿ, ಹೆಣ್ಣಾನೆಯೊಂದು ಕಿವಿ ಅಗಲಿಸಿ ನಿಂತಿತ್ತು. ಹಿಂಡು ಬಿಟ್ಟ ಹೆಣ್ಣಾನೆ ಹೊಲಗಳಲ್ಲಿ ಒಂಟಿಯಾಗಿ ತಿರುಗುತ್ತಿದೆ ಎಂಬ ಸುದ್ದಿ ತಿಂಗಳಿಂದ ಇತ್ತು. ಎಡಗಿವಿಯ ಅಂಚು ಹರಿದಿತ್ತು. ಆ ಕಿವಿಯನ್ನು ಅವನು ಪಂಪ್‌ಮನೆಯ ಮೇಲಿಂದ ಪಟಾಕಿ ಸಿಡಿಯುವ ತನಕ ನೋಡಿದ್ದ.

ಗೊರಿಲ್ಲಾ ತಲೆಯನ್ನು ಕಿತ್ತು ಪಕ್ಕಕ್ಕೆಸೆದ.

"ಮೇಡಂ, ಮಕ್ಳು ಉಸಿರೆತ್ತಬಾರ್ದು."

ನಯನಾ ಮಿಸ್ ಮಕ್ಕಳನ್ನು ಫೈಬರ್ ಆನೆಯ ಹಿಂದೆ ಕೂರಿಸಿದರು. ಬ್ಯಾಟರಿಯ ಸ್ಪೀಕರು ಮಾತ್ರ ತನ್ನ ಪಾಡಿಗೆ ಮಳೆ ಮುಗಿಸಿ ಸಿಂಹಕ್ಕೆ ಬಂದು ಗರ್ಜಿಸಿತು. ಹೊರಗೆ ಆನೆ ಘೀಳಿಟ್ಟು ಬಾಗಿಲಿನ ತಗಡಿಗೆ ಗುದ್ದಿತು.

"ಅದನ್ನ ಆಫ್ ಮಾಡ್ರೀ!" ಅಂದರು ಮಿಸ್.

ರಂಗನಾಯಕ ಆಫ್ ಮಾಡಿದ. ಒಂದು ಗಳಿಗೆ ಎಲ್ಲ ತಣ್ಣಗಾಯಿತು. ಆಮೇಲೆ ಆನೆ ಹುಡುಕಲು ಶುರು ಮಾಡಿತು. ಎಡದ ತಗಡು ಕಿತ್ತು ಬಂತು, ಟಾರ್ಪಾಲು ಹರಿಯಿತು, ಜಿರಾಫೆಯ ಕತ್ತು ಮುರಿದು ಮಕ್ಕಳ ಮುಂದೆಯೇ ಬಿತ್ತು. ಯಾರೋ ಒಬ್ಬ ಹುಡುಗ ಅಮ್ಮಾ ಎಂದ. ಇನ್ನೊಂದು ಗುದ್ದು ಗುದ್ದಿದ್ದರೆ ಇಡೀ ಚಪ್ಪರ ಮಕ್ಕಳ ತಲೆಯ ಮೇಲಿರುತ್ತಿತ್ತು. ರಂಗನಾಯಕ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಪೆಟ್ಟಿಗೆಯ ಗುಂಡಿ ಒತ್ತಿದ್ದ. ಸಿಂಹ ಮುಗಿದಿತ್ತು, ಮರಿಯ ಕೂಗು ಬಂತು.

ಹೊರಗೆ ಎಲ್ಲ ನಿಂತಿತು. ಹರಿದ ಟಾರ್ಪಾಲಿನ ಬಳಿ ದೊಡ್ಡ ಉಸಿರೊಂದು ಬಿಟ್ಟ ಸದ್ದಾಯಿತು. ಆಮೇಲೆ ಹೊಟ್ಟೆಯ ಒಳಗಿಂದ ಗುರುಗುರು ಎಂಬ ಸಣ್ಣ ಮಾತು. ಹಸು ಕರುವನ್ನು ಕರೆಯುವಾಗ ಆಡುವಂಥದ್ದು.

"ಕೂಗು ಇರೋಗಂಟ ಸುಮ್ನಿರ್ತದೆ," ಅಂದ ರಂಗನಾಯಕ. "ಸುಮ್ನಿರ್ತದೆ, ಆದ್ರೆ ಓಗದಿಲ್ಲ. ನಿಲ್ಲಿಸುದ್ರೆ ಕಿತ್ತಾಕ್ತದೆ."

"ಯಾಕೆ?"

"ಇದು ಅದ್ರ ಮರಿದೇ ಕೂಗು ಮೇಡಂ. ನಮ್ಮೂರಲ್ಲಿ ಹೊಂಡಕ್ ಬಿದ್ದು ಸತ್ತೋಯ್ತು. ನಾವ್ ನೋಡೋ ಹೊತ್ಗೇ ಸತ್ತಿತ್ತು."

ಆಣೆಯ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು. ಮಿಸ್ ಅವನನ್ನೇ ನೋಡಿದರು. ಕೂಗು ಇನ್ನೂ ನಡೆಯುತ್ತಿತ್ತು.

"ಸತ್ತಿದ್ದು ಹೇಗೆ ಕೂಗ್ತು?" ಎಂದು ಕೇಳಿದರು.

ಉತ್ತರ ಪೆಟ್ಟಿಗೆಯೊಳಗೆ ಬಾಯಿ ಬಿಡುತ್ತಿತ್ತು. ಕೂಗು ನಲವತ್ತು ಸೆಕೆಂಡು. ಮುಗಿದರೆ ಹಕ್ಕಿ ಬರುತ್ತದೆ, ಹಕ್ಕಿ ಬಂದರೆ ಆನೆ ಮತ್ತೆ ಹುಡುಕುತ್ತದೆ. ಕೊನೆಯಾಗುತ್ತಿದ್ದಂತೆ ಹಿಂದಕ್ಕೆ ಒಯ್ಯುವ ಗುಂಡಿ ಒತ್ತಿ ಮತ್ತೆ ಮೊದಲಿಂದ ಹಾಕಿದ.

ಆ ಹೆಂಗಸಿನ ಬುದ್ಧಿ ದೊಡ್ಡದು. ಇನ್ನೊಬ್ಬರಾಗಿದ್ದರೆ ಅಲ್ಲೇ ಪಂಚಾಯಿತಿ ಕೂರಿಸುತ್ತಿದ್ದರು. ಅವರು ಮಕ್ಕಳನ್ನು ಒಮ್ಮೆ ನೋಡಿ, ಕೇಳಿದ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು. "ಹಿಂದುಗಡೆ ದಾರಿ ಇದೆಯಾ?"

ಇತ್ತು. ಪ್ಲಾಸ್ಟಿಕ್ ಹೊಳೆಯ ನೀರು ಹೊರಹೋಗಲು ಹಿಂಭಾಗದ ತಗಡಿನ ಕೆಳಗೆ ಒಂದು ಕಂಡಿ. ಮಗುವೊಂದು ಅಂಗಾತ ಮಲಗಿ ತೆವಳಿದರೆ ಹೋಗಬಹುದು, ಸಣಕಲ ಹೆಂಗಸು ಉಸಿರು ಬಿಗಿಹಿಡಿದರೆ ಹೋಗಬಹುದು. ಆಚೆ ಒಂದು ಒಣ ಕಾಲುವೆ, ಅದರಾಚೆ ಬಾಳೆ ತೋಟ. ಆದರೆ ಕಂಡಿಯ ಸುತ್ತಲ ತಗಡು ಮೈ ತಾಗಿದರೆ ಕಿರ್ರೆನ್ನುತ್ತಿತ್ತು. ಮಗು ನುಸುಳುವ ಸದ್ದು ಆನೆಗೆ ಕೇಳದಿರಬೇಕಾದರೆ ಕೂಗಿನ ನಡುವೆಯೇ ನುಸುಳಬೇಕು.

"ಒಂದ್ ಕೂಗ್ಗೆ ಒಂದ್ ಮಗು," ಅಂದ ರಂಗನಾಯಕ. "ನಾನ್ ಹಾಕ್ತಾ ಇರ್ತೀನಿ. ನೀವ್ ಕಳ್ಸಿ."

ಮೂವತ್ತಾರು ಮಕ್ಕಳು. ಆ ಕೂಗನ್ನು ಒಂದು ಸಲ ಕೇಳಲಾರದೆ ಕಿವಿ ಮುಚ್ಚಿಕೊಳ್ಳುತ್ತಿದ್ದವನು ಈಗ ಪೆಟ್ಟಿಗೆಗೆ ಹೊಟ್ಟೆ ಆನಿಸಿ ಕೂತು, ಮುಗಿಯುವ ಕ್ಷಣಕ್ಕೆ ಕಾದು, ತನ್ನ ಕೈಯಾರೆ ಮೂವತ್ತಾರು ಸಲ ಹಾಕಬೇಕು. ಮೊದಲ ಮಗು ಕಂಡಿಗೆ ತಲೆ ಕೊಟ್ಟಿತು. ಒತ್ತಿದ.

ಉಳಿದ ಮಕ್ಕಳ ಮುಖ ಬಿಳಿಚಿಕೊಂಡಿತ್ತು. ಒಬ್ಬ ಅತ್ತರೆ ಎಲ್ಲರೂ ಅಳುತ್ತಾರೆ. ನಯನಾ ಮಿಸ್ ಕಂಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ತಗಡನ್ನು ಎತ್ತಿ ಹಿಡಿದು, ಪಿಸುದನಿಯಲ್ಲಿ ಪಾಠ ಶುರು ಮಾಡಿದರು.

"ಈಗ ನಿಜವಾದ ಅಮೆಜಾನ್ ಹೇಳ್ತೀನಿ. ಕಣ್ಮುಚ್ಚಿ ಕೇಳಿ. ನಮ್ಮ ಇಡೀ ಭಾರತ ತಗೊಂಡು ಹೋಗಿ ಆ ಕಾಡಿನ ಮೇಲೆ ಇಟ್ರೂ ಕಾಡು ಇನ್ನೂ ಉಳಿಯುತ್ತೆ. ಒಂಬತ್ತು ದೇಶಕ್ಕೆ ಹರಡಿದೆ. ಹೊಳೆ ಆರು ಸಾವಿರ ಕಿಲೋಮೀಟರಿಗಿಂತ ಉದ್ದ. ಎಷ್ಟೋ ಕಡೆ ಈ ದಡದಲ್ಲಿ ನಿಂತ್ರೆ ಆ ದಡ ಕಾಣಲ್ಲ."

ಎರಡನೆಯ ಮಗು ಹೋಯಿತು. ಮೂರು. ನಾಲ್ಕು. ರಂಗನಾಯಕ ಒತ್ತಿದ.

"ಮೇಲೆ ಮರಗಳ ತಲೆ ಎಲ್ಲಾ ಕೂಡ್ಕೊಂಡು ಚಪ್ಪರ. ಅದರ ಮೇಲೆ ಕೆಂಪು ಗಿಣಿ ಹಾರಾಡ್ತವೆ, ನಮ್ಮ ಗಿಣಿಗಿಂತ ಮೂರು ಪಟ್ಟು ದೊಡ್ಡವು. ಚಪ್ಪರದ ಕೆಳಗೆ ಬಿಸಿಲೇ ಬೀಳಲ್ಲ. ಮಳೆ ಹೊಯ್ದ್ರೆ ಮೊದಲ ಹನಿ ಎಲೆ ಮೇಲಿಂದ ಎಲೆಗೆ ಇಳಿದು ನೆಲಕ್ಕೆ ಬರೋಕೆ ಎಷ್ಟೋ ನಿಮಿಷ ಬೇಕು."

ಹನ್ನೊಂದು. ಹನ್ನೆರಡು. ಕೂಗಿನಲ್ಲಿ ಒಂದು ಜಾಗವಿತ್ತು, ಇಪ್ಪತ್ತನೆಯ ಸೆಕೆಂಡಿನ ಹತ್ತಿರ. ಮರಿ ಅಲ್ಲಿ ಸುಮ್ಮನಾಗುತ್ತದೆ, ನೀರು ಕುಡಿದದ್ದು ಕೇಳುತ್ತದೆ, ಮತ್ತೆ ಮೇಲೆ ಬಂದು ಇನ್ನೂ ಜೋರಾಗಿ ಕರೆಯುತ್ತದೆ. ಒಂಬತ್ತು ದಿನದಲ್ಲಿ ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಈಗ ಪ್ರತಿ ಸಲವೂ ಕೇಳಿಸಿತು. ಆ ಹೊತ್ತಿಗೆ ಹೊರಗಿನ ಗುರುಗುರು ಕೂಡ ನಿಲ್ಲುತ್ತಿತ್ತು. ತಾಯಿಗೂ ಕೇಳುತ್ತಿದೆ ಎಂದು ಗೊತ್ತಾಗಿ ಅವನಿಗೆ ಅಲ್ಲೇ ಸತ್ತುಹೋದರೆ ಸಾಕೆನಿಸಿತು.

"ಹೊಳೇಲಿ ಗುಲಾಬಿ ಬಣ್ಣದ ಡಾಲ್ಫಿನ್ ಇದೆ. ಮರದಲ್ಲಿ ಸ್ಲಾತ್ ಅಂತ ಸೋಮಾರಿ ಪ್ರಾಣಿ, ವಾರಕ್ಕೊಂದು ಸಲ ಮಾತ್ರ ಕೆಳಗಿಳಿಯುತ್ತೆ. ನಮ್ಮ ಗಣಪತಿ ಹೋಂವರ್ಕ್ ತರೋ ಹಾಗೆ."

ಗಣಪತಿ ಎಂಬ ಹುಡುಗನೂ ನಕ್ಕ. ಇಪ್ಪತ್ತನೆಯವನಾಗಿ ಅವನೇ ಕಂಡಿ ದಾಟಿದ. ಆಚೆ ಕಾಲುವೆಯಲ್ಲಿ ಬಸ್ಸಿನ ಡ್ರೈವರ್ ಬಂದು ಕೂತು ಮಕ್ಕಳನ್ನು ಬಾಳೆ ತೋಟದ ಕಡೆ ಸಾಗಿಸುತ್ತಿದ್ದ.

"ಮಿಸ್, ಅಲ್ಲಿ ಹುಲಿ?" ಮೇಘನಾ ಪಿಸುಗುಟ್ಟಿದಳು.

"ಹುಲಿ ಇಲ್ಲ, ಜಾಗ್ವಾರ್ ಇದೆ. ಚಿರತೆ ತರಹ, ಆದ್ರೆ ದಪ್ಪ. ನೀರಿಗಿಳಿದು ಮೊಸಳೆ ಹಿಡಿಯುತ್ತೆ."

"ಅದ್ರ ಮರಿ ನೀರಿಗೆ ಬಿದ್ರೆ?"

ಮಿಸ್ ತಡವರಿಸಿದರು. "ಈಜುತ್ತೆ ಕಣೇ. ದಡ ಇರುತ್ತಲ್ಲ, ಹತ್ತುತ್ತೆ." ಹೇಳಿದ ಮೇಲೆ ರಂಗನಾಯಕನ ಕಡೆ ನೋಡಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು. ಬೆಳಿಗ್ಗೆಯಿಂದ ಚಾರ್ಜಿಗೇ ಹಾಕಿರಲಿಲ್ಲ. ಮೂವತ್ತೆರಡಕ್ಕೆ ಮಿಣುಕಲು ಶುರುವಾಯಿತು. ಹೊರಗೆ ಆನೆಗೆ ತಾಳ್ಮೆ ತಪ್ಪುತ್ತಿತ್ತು. ಇಷ್ಟು ಹೊತ್ತು ಕರೆಯುವ ಮರಿ ಯಾಕೆ ಬರುತ್ತಿಲ್ಲ? ಬಾಗಿಲಿನ ಚೌಕಟ್ಟು ಮುರಿಯಿತು. ಅದು ನಿಧಾನವಾಗಿ, ಒಂದೊಂದೇ ಹೆಜ್ಜೆ, ದಾರಿ ಮಾಡಿಕೊಂಡು ಒಳಕ್ಕೆ ಬರತೊಡಗಿತು. ಮೂವತ್ತೈದು. ಮೇಘನಾ ಕೊನೆಯವಳು. ಅವಳ ಜಡೆ ತಗಡಿಗೆ ಸಿಕ್ಕಿಕೊಂಡಿತು, ಮಿಸ್ ರಿಬ್ಬನ್ನು ಕಿತ್ತೇ ಬಿಡಿಸಿದರು.

"ಬನ್ರೀ!" ಅಂದರು ಮಿಸ್ ಅವನಿಗೆ.

"ಈ ಹೊಟ್ಟೆ ಇಟ್ಕೊಂಡಾ?" ಅವನು ಬೆನ್ನು ತೋರಿಸಿದ. ಮಿಸ್ ಜಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಜಿಪ್ಪಿನ ಹಿಡಿ ಕಿತ್ತು ಅವರ ಕೈಗೆ ಬಂತು. "ಓಗಿ ಮೇಡಂ. ನೀವ್ ದಾಟೋಗಂಟ ಹಾಕ್ತೀನಿ."

ಅವರು ಅವನ ಫೋಮಿನ ಭುಜವನ್ನು ಒಂದು ಸಲ ಒತ್ತಿದರು. ಆಮೇಲೆ ಮಲಗಿ ನುಸುಳಿದರು. ಸೀರೆಯ ಅಂಚು ಕಂಡಿಯಲ್ಲಿ ಮಾಯವಾಗುವುದನ್ನು ಅವನು ನೋಡಿದ. ಈಗ ಒಳಗೆ ಅವನೊಬ್ಬ, ಆ ಕೂಗು ಮತ್ತು ಆ ತಾಯಿಯಾನೆ.

ಟಾರ್ಪಾಲು ಹರಿದು ಬೆಳಕು ಬಿತ್ತು. ಅವನು ಫೈಬರ್ ಆನೆಯ ಹೊಟ್ಟೆಯ ಕೆಳಗೆ ಮುದುಡಿಕೊಂಡ. ತಾಯಿ ಬಂದು ಪೆಟ್ಟಿಗೆಯ ಮುಂದೆ ನಿಂತಿತು. ಸೊಂಡಿಲು ಇಳಿಸಿ ಪೆಟ್ಟಿಗೆಯನ್ನು ಮೂಸಿತು. ಮೇಲೆ, ಪಕ್ಕ, ಚಕ್ರ, ಹಿಡಿಕೆ. ಪೆಟ್ಟಿಗೆ ಕರೆಯುತ್ತಲೇ ಇತ್ತು. ಅದು ಪೆಟ್ಟಿಗೆಯನ್ನು ಮೆಲ್ಲಗೆ ತನ್ನ ಮುಂಗಾಲುಗಳ ನಡುವೆ ಎಳೆದುಕೊಂಡು, ಮೇಲೆ ನೆರಳಾಗಿ ನಿಂತಿತು. ಕೆಂಪು ದೀಪ ಆರಿತು. ನೀರು ಕುಡಿಯುವ ಜಾಗಕ್ಕೇ ಕೂಗು ನಿಂತುಹೋಯಿತು.

ಈ ಸಲ ಮರಿ ಮೇಲೆ ಬರಲಿಲ್ಲ. ತಾಯಿ ಕಾಯಿತು. ಕಾಲ ತುದಿಯಿಂದ ಪೆಟ್ಟಿಗೆಯನ್ನು ಒಂದಿಷ್ಟು ನೂಕಿ ಮತ್ತೆ ಕಾಯಿತು. ಆಮೇಲೆ ಸೊಂಡಿಲು ಪಕ್ಕಕ್ಕೆ ಬಂದು ರಂಗನಾಯಕನ ತಲೆಯ ಮೇಲೆ ನಿಂತಿತು. ಬಿಸಿಯುಸಿರು ಅವನ ಬೆವರಿದ ಕೂದಲನ್ನು, ಹಣೆಯನ್ನು, ಬಾಯಿಯನ್ನು ಮೂಸಿತು. ಅವನು ಕಣ್ಣು ಮುಚ್ಚಿದ. ಓಡಬೇಕೆಂದು ಅನಿಸಲೇ ಇಲ್ಲ.

"ತಪ್ಪಾಯ್ತು ಕಣವ್ವ," ಅಂದ. "ಫೋನ್ ಕೈಲೇ ಇತ್ತು ಕಣವ್ವ."

ಅದಕ್ಕೆ ಅವನು ಬೇಕಿರಲಿಲ್ಲ. ಸೊಂಡಿಲು ಹಿಂದಕ್ಕೆ ಹೋಗಿ ಪೆಟ್ಟಿಗೆಯ ಹಿಡಿಕೆಗೆ ಸುತ್ತಿಕೊಂಡಿತು. ಬಂದ ದಾರಿಯಲ್ಲೇ ಅದು ಹೊರಟಿತು. ಪೆಟ್ಟಿಗೆ ಮುರಿದ ಸಿಂಹದ ಮೇಲೆ, ಬತ್ತಿದ ಹೊಳೆಯ ಮೇಲೆ ತನ್ನ ಚಕ್ರಗಳಲ್ಲಿ ಉರುಳುತ್ತ ಅದರ ಹಿಂದೆ ಹೋಯಿತು.

ರಂಗನಾಯಕ ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಬಸ್ಸಿನ ಮೇಲಿಂದ ಸೋಮಶೇಖರ್ ಇಳಿಯುತ್ತಿದ್ದರು. ಬಾಳೆ ತೋಟದ ಬದಿಯಲ್ಲಿ ನಯನಾ ಮಿಸ್ ಮಕ್ಕಳ ತಲೆ ಎಣಿಸುತ್ತಿದ್ದರು. ಅರಣ್ಯದ ಜೀಪು ಆಗತಾನೆ ಬಂದು ನಿಂತಿತ್ತು. ಎಲ್ಲರ ಕಣ್ಣೂ ರಸ್ತೆಯಾಚೆಯ ಹುರುಳಿ ಹೊಲದ ಮೇಲೆ. ಆನೆ ನಾಲ್ಕು ಹೆಜ್ಜೆ ನಡೆಯುತ್ತಿತ್ತು. ನಿಲ್ಲುತ್ತಿತ್ತು. ಪೆಟ್ಟಿಗೆಯನ್ನು ಕೆಳಗಿಟ್ಟು, ಕಾಲಿಂದ ಮೆಲ್ಲಗೆ ಮುಂದಕ್ಕೆ ನೂಕಿ, ಅದು ತಾನಾಗಿ ನಡೆಯುತ್ತದೇನೋ ಎಂದು ನೋಡುತ್ತಿತ್ತು. ನಡೆಯದಿದ್ದಾಗ ಮತ್ತೆ ಹಿಡಿಕೆ ಹಿಡಿದು ಎಳೆದುಕೊಂಡು ಕಾಡಿನ ದಿಕ್ಕಿಗೆ ಸಾಗುತ್ತಿತ್ತು. ಮೊಬೈಲು ಎತ್ತಿ ಹಿಡಿದಿದ್ದ ಜನ ಮೊದಲು ನಕ್ಕರು. ಎರಡನೆಯ ಸಲ ನಗಲಿಲ್ಲ.

"ನನ್ ಸ್ಪೀಕ್ರು!" ಅಂದರು ಸೋಮಶೇಖರ್. ಮರುಕ್ಷಣವೇ ರಂಗನಾಯಕನ ಕಿವಿಯ ಹತ್ತಿರ ಬಂದರು. "ಓಗ್ಲಿ ಬುಡು. ಆ ಕೂಗು ನಿನ್ ಫೋನಲ್ಲಿ ಐತಲ್ವಾ? ಇನ್ ಮೇಲೆ ಜನ ಮುಗಿಬೀಳ್ತಾರೆ ಕಣ್ಲಾ."

ರಂಗನಾಯಕ ಅವರನ್ನು ದಾಟಿ ಜೀಪಿನ ಹತ್ತಿರ ಹೋದ. ಕೂದಲು ತುಂಬಿದ ಮೈ, ಅದರ ಮೇಲೆ ಮನುಷ್ಯನ ತಲೆ, ಬೆನ್ನಲ್ಲಿ ಹಿಡಿ ಕಿತ್ತ ಜಿಪ್ಪು. ಅರಣ್ಯಾಧಿಕಾರಿ ದುರ್ಬೀನು ಇಳಿಸಿ ಕೇಳಿದರು, "ಏನಯ್ಯಾ ಅದು ಎಳ್ಕೊಂಡು ಹೋಗ್ತಿರೋದು?"

"ಅದ್ರ ಮರಿ ಸಾ."

ಅಧಿಕಾರಿ ಅವನಿಗೆ ಬುದ್ಧಿ ಕೆಟ್ಟಿದೆಯೇನೋ ಎಂಬಂತೆ ನೋಡಿದರು. ಬಾಳೆ ತೋಟದ ಬದಿಯಲ್ಲಿ ನಯನಾ ಮಿಸ್ ಎಣಿಸುವುದನ್ನು ನಿಲ್ಲಿಸಿದರು. ರಂಗನಾಯಕನಿಗೆ ಚಿಕ್ಕಮಾದಯ್ಯನ ಮುಖ ಕಣ್ಣ ಮುಂದೆ ಬಂತು, ಗುಡಿಯ ಮುಂದಿನ ಕರ್ಪೂರ ಬಂತು, ಊರಿನಲ್ಲಿ ಬಿಟ್ಟುಬಂದ ಹೆಂಡತಿ ಮಕ್ಕಳು ಬಂದರು. ಇವತ್ತು ಸಂಜೆಯೇ ಅವರ ಮನೆ ಬಾಗಿಲಿಗೆ ಯಾರು ಯಾರು ಬರುತ್ತಾರೆ, ಏನೇನು ಅನ್ನುತ್ತಾರೆ ಎಂಬುದೂ ಗೊತ್ತಿತ್ತು.

"ಬೂದಿಕಟ್ಟೆಹುಂಡಿ ಹೊಂಡದ್ದು ಸಾ," ಅಂದ. "ನಾವು ನೋಡ್ದಾಗ ಬದುಕಿತ್ತು. ಬೆಳಿಗ್ಗೆ ಆರು ಗಂಟೇಲಿ ಮೊದ್ಲು ನೋಡ್ದೋನು ನಾನೇ. ನಿಮ್ಗೆ ಫೋನ್ ಮಾಡಿದ್ದು ಹನ್ನೊಂದಕ್ಕೆ. ಬರ್ಕೊಳ್ಳಿ ಸಾ."